ಮೋಟರ್ ಕಂಪನಿಯ ಮಾಲೀಕ

ನಾನು ಷೇರು ಮಾರುಕಟ್ಟೆಗೆ ಕಾಲಿಟ್ಟದ್ದು ಅಜ್ಜಂಪುರದ ಒಂದು ಮದುವೆಯಲ್ಲಿ, ಊಟದ ಎರಡನೇ ಪಂಕ್ತಿಗೆ ಕಾಯುತ್ತಾ ಕೂತಿದ್ದಾಗ. ಮೊದಲೆಲ್ಲ ಅಂಥ ಕಡೆ ಮಳೆ, ಈರುಳ್ಳಿ ರೇಟು, ಯಾರ ಮಗಳಿಗೆ ಗಂಡು ಗೊತ್ತಾಯಿತು ಎಂಬ ಮಾತು ನಡೆಯುತ್ತಿತ್ತು. ಅವತ್ತು ಹೆಗಲ ಮೇಲೆ ಟವೆಲ್ ಹಾಕಿಕೊಂಡವರೆಲ್ಲ ಮೊಬೈಲ್ ಹಿಡಿದು ಕೂತಿದ್ದರು. ಮಳೆ ಹೆಂಗೈತೆ ಎಂದರೆ ಮಾರ್ಕೆಟ್ ಬಿದ್ದೈತೆ ಎಂದರು. ತರೀಕೆರೆಯಲ್ಲಿ ಅಡಿಕೆ ವ್ಯಾಪಾರ ಮಾಡುವ ನನ್ನ ಭಾಮೈದ ಅವರಿಗೆಲ್ಲ ಗುರು. ಹೆಂಡತಿಯ ತಮ್ಮ ನನಗಿಂತ ಬುದ್ಧಿವಂತ ಎನಿಸಿಕೊಳ್ಳುವುದನ್ನು ನಾನು ಯಾವತ್ತೂ ಸಹಿಸಿದವನಲ್ಲ. ಎಲೆ ಹಾಕುವುದರೊಳಗೆ ಅವನ ಕೈಯಿಂದಲೇ ನನ್ನ ಫೋನಿನಲ್ಲೂ ಷೇರು ಖಾತೆಯ ಅರ್ಜಿ ತುಂಬಿಸಿದೆ.

"ಯಾವ ಕಂಪನಿ ತಗೋತೀರಿ ಭಾವ?" ಎಂದು ಕೇಳಿದ.

ಕಡೂರಿನ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಬಟ್ಟೆ ಅಂಗಡಿ, ಪಂಚನಹಳ್ಳಿಯಲ್ಲಿ ತೆಂಗಿನ ತೋಟ. ತೋಟದ ಬೋರ್‌ವೆಲ್ಲಿಗೆ ಅಪ್ಪ ಇಳಿಸಿದ ಮೋಟರ್ ಒಂದು ಸಲವೂ ಸುಟ್ಟಿರಲಿಲ್ಲ. ಅದನ್ನು ಮಾಡಿದ ಕಂಪನಿಯೇ ಇರಲಿ ಎಂದೆ.

"ಬ್ಯಾಲೆನ್ಸ್ ಶೀಟ್ ನೋಡ್ಬೇಕಲ್ಲ ಭಾವ."

"ಲೇ, ನಾನು ನೀರು ನೋಡಿದೀನಿ ಕಣೋ."

ಷೇರು ಕೊಂಡ ದಿನದಿಂದ ನನ್ನ ನಡಿಗೆಯೇ ಬದಲಾಯಿತು. ಗಿರಾಕಿಗಳಿಗೆ ಹೊಸ ಲುಂಗಿಯ ಮಡಿಕೆ ಬಿಚ್ಚಿ ತೋರಿಸುತ್ತಾ 'ನಮ್ಮ ಕಂಪನಿ' ಎನ್ನತೊಡಗಿದೆ. ಯಾರದೋ ತೋಟದಲ್ಲಿ ನಮ್ಮ ಕಂಪನಿಯ ಮೋಟರ್ ಇದೆ ಎಂದು ತಿಳಿದರೆ ಬೈಕ್ ನಿಲ್ಲಿಸಿ ಅದರ ಯೋಗಕ್ಷೇಮ ವಿಚಾರಿಸುತ್ತಿದ್ದೆ. ಬೇರೆ ಕಂಪನಿಯದು ಹಾಕಿಸಿದವರನ್ನು ಕಂಡರೆ ಅಯ್ಯೋ ಪಾಪ ಎನಿಸುತ್ತಿತ್ತು.

ಬೇಸಿಗೆಯಲ್ಲಿ ನನ್ನ ಮೋಟರೇ ಸುಟ್ಟಿತು. ಹಿಂದಿನ ಮಳೆಗಾಲದಲ್ಲಿ ಹೆಂಡತಿ ತಾನೇ ಮುಂದೆ ನಿಂತು ನೆಡಿಸಿದ ತೆಂಗಿನ ಸಸಿಗಳು ಇನ್ನೂ ಎಳೆಯವು, ನೀರಿಲ್ಲದಿದ್ದರೆ ಅಷ್ಟೂ ಹೋದಂತೆಯೇ. ಅವಳು ಪಕ್ಕದ ತೋಟದಿಂದ ಕೊಡದಲ್ಲಿ ನೀರು ಹೊತ್ತು ಹಾಕತೊಡಗಿದಳು. ನನಗೆ ಮಾತ್ರ ಸಸಿಗಿಂತ ಮರ್ಯಾದೆಯ ಚಿಂತೆ. ನನ್ನ ಕಂಪನಿಯೇ ನನಗೆ ಕೈಕೊಟ್ಟಿತ್ತು. ಬದುವಿನ ಮೇಲೆ ನಿಂತುಕೊಂಡೇ ಇದ್ದಬದ್ದ ಷೇರನ್ನೆಲ್ಲ ಮಾರಿ, ಭಾಮೈದನಿಗೆ ಫೋನ್ ಮಾಡಿದೆ.

"ಯಾಕೆ ಮಾರಿದ್ರಿ ಭಾವ?"

"ಮೋಟರ್ ಸುಟ್ಟೋಯ್ತು ಕಣೋ. ಕಳ್ಳ ಕಂಪನಿ."

ಅವನು "ಆಯ್ತು ಭಾವ" ಎಂದವನೇ ಫೋನ್ ಇಟ್ಟುಬಿಟ್ಟ. ನನ್ನ ದಿಟ್ಟತನಕ್ಕೆ ದಂಗಾಗಿದ್ದಾನೆ ಎಂದುಕೊಂಡೆ.

ಹೊಸ ಮೋಟರ್ ತರಲು ಕಡೂರಿನ ಪಂಪ್‌ಸೆಟ್ ಅಂಗಡಿಗೆ ಹೋದರೆ ಅಲ್ಲಿ ಜಾತ್ರೆಯಷ್ಟು ಜನ. "ಎಲ್ಲಾ ಕಡೆ ವೋಲ್ಟೇಜ್ ಇಲ್ಲ ಕಣ್ರೀ, ಎಲ್ರವೂ ಸುಡ್ತಾ ಅವೆ. ಈ ಕಂಪನಿದೇ ಬೇಕು ಅಂತಾರೆ, ತರ್ಸಿದ್ದು ಸಾಲ್ತಿಲ್ಲ" ಎಂದ ಅಂಗಡಿಯವನು. ನಿಂತಲ್ಲೇ ಫೋನ್ ತೆಗೆದು ನೋಡಿದೆ. ನಾನು ಮಾರಿದ ಷೇರು ಚೆನ್ನಾಗಿ ಏರಿತ್ತು. ಹಳೆಯದು ಸುಟ್ಟರೆ ತಾನೇ ಹೊಸದು ಮಾರುವುದು. ಊರವರ ಲುಂಗಿ ಹರಿದರೆ ಮಾತ್ರ ಒಲೆ ಹತ್ತುವ ಮನೆಯ ಯಜಮಾನನಾದ ನನಗೆ ಇಷ್ಟು ಹೊಳೆಯದೇ ಹೋಯಿತು. ಷೇರಿನಿಂದ ಬಂದದ್ದನ್ನೆಲ್ಲ ಎಣಿಸಿ ಕೊಟ್ಟು, ಅದೇ ಕಳ್ಳ ಕಂಪನಿಯ ಮೋಟರ್ ತಂದೆ.

ಸಂಜೆ ನೀರು ಬಂತು. ಹೆಂಡತಿ ಪೈಪು ಹಿಡಿದು ಸಸಿಯಿಂದ ಸಸಿಗೆ ಹೋಗುತ್ತಿದ್ದಳು. ಕೊಡ ಹೊತ್ತು ಹೊತ್ತು ಅವಳ ನಡು ಒಂದು ಕಡೆಗೆ ವಾಲಿದ್ದನ್ನು ಆಗಷ್ಟೇ ಗಮನಿಸಿದೆ. ಬಹಳ ನಾಚಿಕೆಯಾಯಿತು.

"ಅಲ್ರೀ, ಆ ಕಂಪನಿ ದುಡ್ಡು ಆ ಕಂಪನಿಗೇ ವಾಪಸ್ ಹೋಯ್ತಲ್ಲ" ಎಂದಳು.

"ಹೋಯ್ತು."

"ಹೋಗ್ಲಿ ಬಿಡಿ. ಈ ಸಲ ನೀರಾದ್ರೂ ಬಂತು."

ಅವಳ ಕೈಯಿಂದ ಪೈಪು ಇಸಿದುಕೊಂಡೆ. ಕೊನೆಯ ಸಾಲಿನ ಕೆಲವು ಸಸಿಗಳು ಆಗಲೇ ಒಣಗಿ ಹೋಗಿದ್ದವು. ಅವಳು ನೋಡುತ್ತಾ ನಿಂತಿದ್ದಳು. ಅವಕ್ಕೂ ನೀರು ಬಿಟ್ಟೆ.