ಸೂಜಿಮೆಣಸು ಚಾಚಿದ ಬೆರಳು

ಮಕ್ಕಳ ಸುಧಾರಣಾ ಮನೆಯಲ್ಲಿ ಬ್ರೆಡ್ ಮಾಡಲು ಕಲಿಸುತ್ತಿದ್ದ ಬೇಕರಿ ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತರೆ, ಸಂಜೆಯಾಯಿತೆಂದು ಕೋಳಿಗಳು ಗೂಡು ಸೇರುತ್ತಿದ್ದವು. ಅಂಥ ಆಳು. ಒಮ್ಮೆ ಅವರು ಸೀನಿದ್ದಕ್ಕೆ ಅರ್ಧ ಮೂಟೆ ಮೈದಾ ಹಾರಿ ಎದುರು ಮನೆಯ ಕರಿನಾಯಿ ಬಿಳಿಯಾಯಿತಂತೆ. ಅದರ ಯಜಮಾನ ಮೂರು ದಿನ ಅದನ್ನು ಕಾಲಲ್ಲಿ ಒದ್ದುಕೊಂಡೇ ತನ್ನ ನಾಯಿಯನ್ನು ಹುಡುಕಿದನಂತೆ. ನಾಯಿಯ ವಿಷಯ ಹಾಗಿರಲಿ.

ಮೇಷ್ಟ್ರ ಕುತ್ತಿಗೆಯಿಂದ ಬೆನ್ನಿನವರೆಗೆ ಒಂದು ಗಾಯದ ಗೆರೆಯಿತ್ತು. ಕೇಳಿದ ಮಕ್ಕಳಿಗೆ ದಿನಕ್ಕೊಂದು ಕತೆ. ಸೋಮವಾರ ಮೊಸಳೆ, ಮಂಗಳವಾರ ಸಿಡಿಲು, ಬುಧವಾರ ಹೆಂಡತಿ. ನಂಬದವಳು ಸೂಜಿಮೆಣಸು ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗಿ ಒಬ್ಬಳೇ. ಹನ್ನೆರಡು ವರ್ಷದ ಒಂದು ಹಿಡಿ ಜೀವ, ಮಾತು ಮಾತ್ರ ನೆತ್ತಿಗೇರುವಂಥದ್ದು. ಅವಳ ಸೋದರಮಾವ ಸ್ಕೂಲ್ ಬ್ಯಾಗಿಗೆ ಅಮಲಿನ ಪುಡಿಯ ಪೊಟ್ಟಣ ತುಂಬಿ, ಎರಡು ವರ್ಷ ಅವಳ ಕೈಯಲ್ಲಿ ಬೀದಿ ಬೀದಿ ಮಾರಿಸಿದ್ದ.

ಅವಳು ಬಂದ ಮೊದಲ ವಾರ ಮೇಷ್ಟ್ರು ಖುಷಿಯಲ್ಲಿ ಶಿಳ್ಳೆ ಹಾಕಿದರು. ಸೂಜಿಮೆಣಸು ನಲವತ್ತು ಉಂಡೆ ಹಿಟ್ಟನ್ನು ತಟ್ಟೆ ಸಮೇತ ಮೋರಿಗೆಸೆದು ಕಾಂಪೌಂಡ್ ಹತ್ತಿ ಕೂತಳು. ಶಿಳ್ಳೆಯೆಂದರೆ ಪೊಲೀಸ್, ಕೈಯಲ್ಲಿದ್ದದ್ದು ಮೋರಿಗೆ. ಮಾವ ಬೆಲ್ಟಿನಲ್ಲಿ ಬಾರಿಸಿ ಕಲಿಸಿದ ಪಾಠ.

"ಇಳಿಯೇ ತಾಯಿ. ಬ್ರೆಡ್ ಮಾಡಿದ್ರೆ ಯಾವ ಪೊಲೀಸೂ ಹಿಡಿಯಲ್ಲ."

"ನಿಮ್ ಬ್ರೆಡ್ಡಿಗೆ ಹಿಡೀಬೋದು ಮೇಷ್ಟ್ರೇ. ಎಸೆದ್ರೆ ತಲೆ ಒಡೆಯುತ್ತೆ."

ಅವತ್ತು ಅವರು ಗಾಯದ ನಿಜ ಹೇಳಿದರು. ಹತ್ತು ವರ್ಷದವರಿದ್ದಾಗ ಅವರೂ ಪೊಟ್ಟಣ ಮಾರಿದವರೇ. ಒಂದು ಕಳೆದದ್ದಕ್ಕೆ ಸೈಕಲ್ ಚೈನಿನ ಏಟು ತಿಂದಿದ್ದರು. ಹೊಡೆದವನನ್ನು ತೋರಿಸೆಂದು ಕೋರ್ಟಿನಲ್ಲಿ ಕೇಳಿದಾಗ ಹೆದರಿ, ಇವನಲ್ಲ ಎಂದುಬಿಟ್ಟರು. ಬಿಡುಗಡೆಯಾದವನು ಅದೇ ತಿಂಗಳು ಇನ್ನೊಂದು ಮಗುವನ್ನು ಹೊಡೆದು ಕೊಂದ.

ಈಗ ಸೂಜಿಮೆಣಸಿನ ಸರದಿ. ಜಾಮೀನಿನ ಮೇಲೆ ಹೊರಗಿದ್ದ ಮಾವನನ್ನು ಅವಳು ಕೋರ್ಟಿನಲ್ಲಿ ಬೆರಳು ಮಾಡಿ ತೋರಿಸಬೇಕಿತ್ತು. ತೋರಿಸದಿದ್ದರೆ ಅವನು ಬಚಾವ್. ಹತ್ತಿರದ ನೆಂಟನೆಂದು ಅವಳನ್ನೂ ವಾಪಸ್ ಕರೆದೊಯ್ಯುತ್ತಿದ್ದ.

"ತೋರಿಸ್ತೀಯಾ?" ಎಂದು ಮೇಷ್ಟ್ರು ಕೇಳಿದಾಗಲೆಲ್ಲ ಅವಳದು ಒಂದೇ ಮಾತು: "ನೋಡಾಣ."

ಸಾಕ್ಷಿಯ ಹಿಂದಿನ ದಿನ ಮಟಮಟ ಮಧ್ಯಾಹ್ನ ಮಾವ ಕಬ್ಬಿಣದ ರಾಡು ಹಿಡಿದು ಬೇಕರಿಗೇ ನುಗ್ಗಿದ.

"ಏನಮ್ಮಾ ಸೊಸೆ, ನಾಲಿಗೆ ಭದ್ರವಾಗಿದೆಯಾ? ಕಿತ್ಕೊಂಡು ಹೋಗೋಣ ಅಂತ ಬಂದೆ."

ಅಡ್ಡ ಬಂದ ಮೇಷ್ಟ್ರ ಎಡಗೈಗೆ ರಾಡು ಬಿತ್ತು. ಮೂಳೆ ಲಟಕ್ಕೆಂದಿತು. ಎರಡನೇ ಏಟಿಗೆ ಎರಡು ಹಲ್ಲು ನಾದಿದ ಹಿಟ್ಟಿನ ಮೇಲೆ ಉದುರಿ, ಹಿಟ್ಟೆಲ್ಲ ಕೆಂಪಾಯಿತು. ಮೂರನೆಯದಕ್ಕೆ ಮೇಷ್ಟ್ರು ಕಾಯಲಿಲ್ಲ. ಬಲಗೈಯಲ್ಲಿ ಅವನ ಕತ್ತು ಹಿಡಿದು ಮುಖವನ್ನು ಮೇಜಿಗೆ ಚಚ್ಚಿದರು. ಮೂಗು ಒಡೆಯಿತು. ಮತ್ತೆ ಚಚ್ಚಿದರು. ಮೂವತ್ತು ವರ್ಷ ಒಳಗೇ ಕುದಿದ ಸಿಟ್ಟು. ಆ ಕತ್ತು ಅವರಿಗೆ ಬೇರೆ ಯಾರದೋ ಆಗಿ ಕಾಣುತ್ತಿತ್ತು. ದರದರನೆ ಎಳೆದು ಉರಿಯುವ ಭಟ್ಟಿಯ ಬಾಯಿಗೆ ಒಯ್ದರು. ಹುಬ್ಬು ಚುರುಚುರು ಸುಟ್ಟು ನಾತ ಹಬ್ಬಿತು.

"ಒಳಗೇ ತಳ್ಳಿ ಮೇಷ್ಟ್ರೇ," ಎಂದರು ಮಕ್ಕಳು. ತಳ್ಳಿಯೇಬಿಡುತ್ತಿದ್ದರು.

ಸೂಜಿಮೆಣಸು ಅವರ ಅಂಗಿ ಹಿಡಿದು ಜಗ್ಗಿದಳು. "ಬಿಡಿ ಮೇಷ್ಟ್ರೇ. ಮುಖ ಸುಟ್ಟೋದ್ರೆ ನಾಳೆ ನಾನು ಯಾರನ್ನ ತೋರಿಸ್ಲಿ?"

ಮೇಷ್ಟ್ರು ಅವಳ ಮುಖ ನೋಡಿದರು. ಕೈ ತಾನಾಗಿ ಸಡಿಲವಾಯಿತು. ಪೊಲೀಸರು ಬರುವವರೆಗೆ ಹದಿನಾಲ್ಕು ಮಕ್ಕಳು ಮಾವನ ಬೆನ್ನೇರಿ ಕೂತರು. ಕುಳಿತಲ್ಲೇ ಒಬ್ಬ ನಿದ್ದೆ ಮಾಡಿದನೆಂದೂ ಹೇಳುತ್ತಾರೆ.

ಮರುದಿನ ಕೋರ್ಟಿನಲ್ಲಿ ಮಾವನ ಮೂಗು ಬದನೆಕಾಯಿಯಂತಿತ್ತು. ಅವನ ವಕೀಲ ಕೇಳಿದ, "ಸರಿಯಾಗಿ ನೋಡಮ್ಮ, ಇವರೇನಾ?"

"ಮೂಗು ನಿನ್ನೆವರೆಗೂ ನೆಟ್ಟಗಿತ್ತು ಸಾರ್. ಮಿಕ್ಕಿದ್ದೆಲ್ಲ ಅವನೇ."

ನ್ಯಾಯಾಧೀಶೆ "ಸಾಕು, ಕೈ ಇಳಿಸಮ್ಮ" ಎನ್ನುವವರೆಗೂ ಅವಳು ಮಾವನತ್ತ ಚಾಚಿದ ಬೆರಳು ಇಳಿಸಲಿಲ್ಲ.