ಪೇಟಿ ಮಾಸ್ತರರನ್ನು ಹಿಡಿದುಕೊಟ್ಟದ್ದು

ಪತ್ತೇದಾರಿ ಕಾದಂಬರಿಯ ಕೊನೆಯ ಪುಟವನ್ನು ಮೊದಲೇ ಓದಿಬಿಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಒಗ್ಗರಣೆ ಸೀದರೂ ಸರಿ, ನಾನು ಕ್ರಮವಾಗಿ ಓದುವವಳು. ದಿನಚರಿ ಬರೆಯುವುದೂ ಹಾಗೆಯೇ: ನಳ ಎಷ್ಟಕ್ಕೆ ಬಂತು, ರೊಟ್ಟಿಗೆ ಏನು ಪಲ್ಯ, ಯಾರು ಬಂದರು, ಎಷ್ಟು ಸಲ ಚಹಾ ಕುಡಿದರು. ಇಂಥವಳಿಗೆ ರೋಣದ ಗ್ರಂಥಾಲಯದಲ್ಲಿ ಒಂದು ಕಾದಂಬರಿ ಸಿಕ್ಕಿತು. ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುವವನೊಬ್ಬ. ಅವನು ಊದಿದ ಮನೆಗಳಲ್ಲೆಲ್ಲ ಒಡವೆ ಕಾಣೆ. ಪೊಲೀಸರಿಗೆ ಹೊಳೆಯದ್ದು ನೆರೆಮನೆಯ ಗೃಹಿಣಿಗೆ ಹೊಳೆಯುತ್ತದೆ. ಯಾಕೆಂದರೆ ಅವಳು ದಿನಚರಿ ಬರೆಯುತ್ತಾಳೆ! ಕೊನೆಗೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ಅವನತ್ತ ಬೆರಳು ತೋರಿಸುತ್ತಾಳೆ. ಓದಿ ಮುಗಿಸಿದ ಮೇಲೆ ನಾನು ಎರಡು ದಿನ ಕತ್ತೆತ್ತಿಯೇ ನಡೆದೆ.

ನಮ್ಮ ಓಣಿಯ ಹೆಣ್ಣುಮಕ್ಕಳದು ಒಂದು ಭಜನಾ ಸಂಘ. ಪ್ರತಿ ಸೋಮವಾರ ಗುಡಿಯಲ್ಲಿ ಗುರವ್ವ ಹಾಡುತ್ತಾಳೆ, ಉಳಿದವರು ಹಿಂದೆ ಹಿಡಿಯುತ್ತೇವೆ. ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವಳು ನಾನು. ಬಾರಿಸುವವಳು ಎಂದರೆ ದೊಡ್ಡ ಮಾತಾಯಿತು. ನಾಲ್ಕನೆಯ ಬಿಳಿ ಪಟ್ಟಿಯಿಂದ ಶುರು ಮಾಡುವುದು ಮಾತ್ರ ನನಗೆ ಗೊತ್ತು. ಬೇರೆ ಎಲ್ಲಿಂದ ಹೊರಟರೂ ಬೆರಳಿಗೆ ದಾರಿ ತಪ್ಪುತ್ತದೆ. ಕಲಿಸಿದವರು ನರಗುಂದದ ಶಂಕ್ರಪ್ಪ ಮಾಸ್ತರರು. ರೋಣ, ಗಜೇಂದ್ರಗಡ ಅಂತ ಬಸ್ಸಿನಲ್ಲಿ ತಿರುಗಿ ಸಂಘಗಳಿಗೆ ಪಾಠ ಹೇಳುವುದು, ಪೇಟಿ ರಿಪೇರಿ ಮಾಡುವುದು, ಇದೇ ಅವರ ಬದುಕು. ಹತ್ತು ವರ್ಷ ಹೇಳಿಕೊಟ್ಟರೂ ನನ್ನ ನಾಲ್ಕನೆಯ ಪಟ್ಟಿಯನ್ನು ಅವರಿಂದ ಕದಲಿಸಲಾಗಲಿಲ್ಲ.

ಒಂದು ದಿನ ಪೇಟಿ ಒರೆಸುವ ಪಾಳಿ ನನ್ನದು. ಮುಚ್ಚಳ ತೆಗೆದರೆ ಒಳಗೆ ಹಳೆಯ ಹಿತ್ತಾಳೆ ರೀಡುಗಳ, ಅಂದರೆ ಸ್ವರ ಹೊರಡಿಸುವ ಪುಟ್ಟ ನಾಲಗೆಗಳ, ಸಾಲಿನ ತುದಿಯಲ್ಲಿ ಒಂದು ಹೊಸದು ಮಿನುಗುತ್ತಿದೆ. ಮೊದಲಿನದು ಎಲ್ಲಿ? ದಿನಚರಿ ತೆರೆದೆ. ‘ಮಂಗಳವಾರ. ಪಾಠವಿಲ್ಲದಿದ್ದರೂ ಮಾಸ್ತರರು ಬಂದು ಗುಡಿಯಲ್ಲಿ ಒಬ್ಬರೇ ಕೂತರು. ಐದರ ಬಸ್ಸಿಗೆ ಹೋದರು. ಚಹಾ ಎರಡು ಸಲ.’ ಮುಂದಿನ ಪಾಠದ ದಿನ ಅವರು ಕನ್ನಡಕ ತೆಗೆಯುವಾಗ ಚೀಲದಲ್ಲಿ ಕಾಗದದ ಪೊಟ್ಟಣದಿಂದ ಇಣುಕುವ ಹಳೆಯ ರೀಡೊಂದು ಕಣ್ಣಿಗೆ ಬಿತ್ತು. ಹಳೆಯ ರೀಡಿನ ದನಿಗೆ ಬೆಲೆ ಹೆಚ್ಚು ಎಂದು ನನಗೆ ಹೇಳಿಕೊಟ್ಟವರೂ ಅವರೇ. ಇನ್ನೇನು ಬೇಕು?

ಆ ಸೋಮವಾರ ಎಲ್ಲರನ್ನೂ ಗುಡಿಯಲ್ಲಿ ಕೂಡಿಸಿದೆ. ಮಾಸ್ತರರೂ ಇದ್ದರು. ಕಾದಂಬರಿಯ ಗೃಹಿಣಿಯಂತೆ ನಿಧಾನವಾಗಿ, ವಾರ, ಗಂಟೆ, ಚಹಾ ಸಮೇತ ಓದಿ ಹೇಳಿದೆ.

“ಏನವಾ, ಪುಸ್ತಕ ಓದಿ ಓದಿ ಫೌಜದಾರ ಆದೇನು?” ಎಂದು ಗುರವ್ವ ನಕ್ಕಳು. “ಮಾಸ್ತರ ಅಂಥಾವರಲ್ಲ ಬಿಡ. ಹೌದಲ್ರಿ ಮಾಸ್ತರ?”

ಮಾಸ್ತರರು ಅವಳ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ರೀಡ ನಾನ ತಗದೇನ್ರಿ ಅಕ್ಕಾರ. ತಂದ ಕೊಡ್ತೇನಿ. ಪೇಟಿ ಮಾತ್ರ ಬ್ಯಾರೆಯವ್ರ ಕಡೆ ಬಿಚ್ಚಸಬ್ಯಾಡ್ರಿ,” ಎಂದು ಚೀಲ ಹೆಗಲಿಗೇರಿಸಿಕೊಂಡು ಹೋದರು. ಗುರವ್ವನ ನಗು ಅಲ್ಲಿಗೇ ನಿಂತಿತು. ಕಳ್ಳ ಒಪ್ಪಿಕೊಂಡ ಮೇಲೆ ಪತ್ತೇದಾರಿಣಿಗೆ ಆಗುವ ಸುಖ ಏನೆಂದು ನಾನು ಬಲ್ಲೆ. ಅದು ಸುಳ್ಳಲ್ಲ.

ಸುದ್ದಿ ಅವರಿಗಿಂತ ಮುಂಚೆ ಬಸ್ಸು ಹತ್ತಿತ್ತು. ತಿಂಗಳೊಳಗೆ ಗಜೇಂದ್ರಗಡದ ಸಂಘದವರೂ ಬೇರೆ ಮಾಸ್ತರರನ್ನು ನೋಡಿಕೊಂಡರು.

ಬಿಚ್ಚಿಸಬೇಡಿ ಎಂದದ್ದು ಕಳ್ಳನ ಅಂಜಿಕೆ ಎಂದುಕೊಂಡು ನಾನು ಪೇಟಿಯನ್ನು ಗಜೇಂದ್ರಗಡಕ್ಕೇ ಹೊತ್ತೊಯ್ದೆ. ರಿಪೇರಿಯವ ಬಿಚ್ಚಿ ನೋಡಿ ತಲೆದೂಗಿದ. “ಕಳವು ಅಂತ ಯಾರ ಅಂದಾರ್ರಿ? ಒಂದೊಂದ ರೀಡನ್ನೂ ತಗದು ಬಾಜೂ ಪಟ್ಟಿಯ ಮನಿಗೆ ಸರಿಸ್ಯಾರ. ಪೇಟಿ ಪೂರಾ ಅರ್ಧ ಸ್ವರ ಕೆಳಗ ಇಳದೈತಿ. ಮ್ಯಾಲಿನ ತುದೀದಕ್ಕ ಜಾಗಾ ಉಳೀಲಿಲ್ಲ, ಹೊರಗ ಬಂತು. ಕೆಳಗಿನ ತುದಿ ಖಾಲಿ ಆತು, ತಮ್ಮದೊಂದ ಹಾಕ್ಯಾರ. ಇಡೀ ದಿನದ ಕೆಲಸ್ರೀ. ಹಾಡಾವ್ರ ದನಿ ಇಳದಿರಬೇಕು.”

“ಹಂಗಾರ ಬ್ಯಾರೆ ಪಟ್ಟಿಯಿಂದ ಬಾರಿಸಿದ್ರ ಆಗ್ತಿತ್ತಲ್ರಿ?”

“ಬಾರಸಾವ್ರಿಗೆ ಬರಬೇಕಲ್ರೀ! ಯಾರ ಬಾರಸ್ತಾರ?”

“ನಮ್ಮ ಪೈಕಿ ಒಬ್ಬರು,” ಎಂದೆ.

ಮನೆಗೆ ಬಂದು ದಿನಚರಿ ತಿರುವಿದರೆ ಎಲ್ಲ ನನ್ನದೇ ಅಕ್ಷರದಲ್ಲಿ ಇತ್ತು. ಆ ಮಂಗಳವಾರದ ಹಿಂದೆ: ‘ಗುರವ್ವನ ದನಿ ಮೇಲಿನ ಸ್ವರದಲ್ಲಿ ಒಡೆಯಿತು. ಕಣ್ಣೊರೆಸಿಕೊಂಡಳು.’ ಮುಂದೆ: ‘ಗುರವ್ವ ಇವತ್ತು ಚೆನ್ನಾಗಿ ಹಾಡಿದಳು. ಹುರುಪಿನಲ್ಲಿದ್ದಳು.’ ಅವಳ ದನಿ ಇಳಿದಿತ್ತು, ನನ್ನ ಬೆರಳು ಇಳಿಯಲೊಲ್ಲದು; ಮಾಸ್ತರರು ಇಬ್ಬರಿಗೂ ಗೊತ್ತಾಗದಂತೆ ಪೇಟಿಯನ್ನೇ ಇಳಿಸಿದ್ದರು. ನಾನೋ, ಇಳಿದ ಪೇಟಿಯನ್ನು ಅಷ್ಟು ವಾರ ಬಾರಿಸಿದವಳು, ಕೇಳಿಸಿಕೊಳ್ಳಲೇ ಇಲ್ಲ. ಒಳ್ಳೆಯ ಕಾದಂಬರಿಯಲ್ಲಿ ಯಾರೂ ಅನುಮಾನಿಸದವನೇ ಅಪರಾಧಿ ಎನ್ನುತ್ತಾರೆ. ನನ್ನನ್ನು ನಾನು ಅನುಮಾನಿಸಿಯೇ ಇರಲಿಲ್ಲ.

ಇಷ್ಟಾದರೂ ಬುದ್ಧಿ ಬರಲಿಲ್ಲ. ತಪ್ಪು ತಿದ್ದುವ ಆತುರದಲ್ಲಿ ಮರು ಸೋಮವಾರ ಮತ್ತೆ ಎಲ್ಲರನ್ನೂ ಕೂಡಿಸಿದೆ. ಅಷ್ಟೇ ನಿಧಾನವಾಗಿ ನಿಜ ಹೇಳಿದೆ. ಗುರವ್ವ ಪೂರಾ ಕೇಳಿದಳು. “ಅಂದ್ರ ನನ್ನ ದನಿ ತಿರುಗಿ ಬಂದಿದ್ದಿಲ್ಲ,” ಎಂದಳು. ಅಷ್ಟೇ.

ಆಮೇಲೆ ನರಗುಂದಕ್ಕೆ ಹೋದೆ. ಮಾಸ್ತರರು ಒಳಗೆ ಕರೆದು ನೀರು ಕೊಟ್ಟರು.

“ಆವತ್ತ ಬಾಯಿ ಬಿಟ್ಟ ಹೇಳಬಾರದಿತ್ತೇನ್ರಿ?” ಎಂದೆ.

“ಗುರವ್ವಾರ ಎದರಿಗೇ ಕುಂತಿದ್ರಲ್ರಿ.”

“ಈಗ ನಾ ಎಲ್ಲಾರ ಮುಂದ ಹೇಳೇನ್ರಿ, ನೀವು ಕಳ್ಳರಲ್ಲಂತ.”

ಅವರು ಖುಷಿಪಡಲಿಲ್ಲ. “ಗುರವ್ವಾರು ಇದ್ರೇನ್ರಿ?” ಎಂದು ಕೇಳಿದರು. ಇದ್ದರು ಎಂದೆ. ಎದ್ದು ಹೋಗಿ ಆ ಕಾಗದದ ಪೊಟ್ಟಣ ತಂದು ನನ್ನ ಕೈಯಲ್ಲಿಟ್ಟರು. “ಇದು ನಿಮ್ಮದ್ರಿ.”

ರೀಡು ಈಗ ನನ್ನ ಸೂಜಿ-ದಾರದ ಡಬ್ಬಿಯಲ್ಲಿದೆ. ಪೇಟಿಯ ತೀರ ಮೇಲಿನ ಸ್ವರ. ಅಷ್ಟು ವರ್ಷ ನಾವು ಯಾರೂ ಒಮ್ಮೆಯೂ ಮುಟ್ಟದ್ದು. ಸೋಮವಾರದ ಭಜನೆ ನಡೆದಿದೆ. ಗುರವ್ವ ತಪ್ಪದೆ ಬರುತ್ತಾಳೆ, ತಾಳ ಹಾಕುತ್ತಾಳೆ, ಬಾಯಿ ತೆರೆಯುವುದಿಲ್ಲ.

ಕಾದಂಬರಿಯನ್ನು ಮೊನ್ನೆ ಮರಳಿಸಿದೆ. “ಹ್ಯಾಂಗಿತ್ರಿ?” ಎಂದು ಗ್ರಂಥಾಲಯದವರು ಕೇಳಿದರು.

“ಛಲೋ ಐತ್ರಿ. ಕೊನೀಗೆ ಒಂದ ಪುಟ ಕಡಿಮಿ ಐತಿ.”

ಪಾಪ, ಅವರು ಕನ್ನಡಕ ಏರಿಸಿ ಹಾಳೆ ಹಾಳೆ ತಿರುವಿ ನೋಡಿದರು. ಎಲ್ಲ ಇದ್ದವು.