ಹುಕ್ಕೇರಿಯ ಕಂಪ್ಯೂಟರಿಗೆ ತಪ್ಪಿದ ಖಂಡೇ ಪೂಜೆ

೨೦೧೨ರಲ್ಲಿ ನಾನು ಹಾಲಿನ ಸಹಕಾರ ಸಂಘವೊಂದರಲ್ಲಿ ಪ್ರೋಗ್ರಾಮರ್ ಆಗಿದ್ದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕೇಂದ್ರಗಳಲ್ಲಿ ಒಂದೊಂದು ಸರ್ವರ್ ಕಂಪ್ಯೂಟರ್. ಮೂರರಲ್ಲೂ ನಾನು ಜಾವಾಸ್ಕ್ರಿಪ್ಟಿನಲ್ಲಿ ಬರೆದ ಒಂದೇ ಪ್ರೋಗ್ರಾಂ. ಇದು ಯಾವ ಕೇಂದ್ರ, ಸದಸ್ಯರ ಮಾಹಿತಿ ಎಲ್ಲಿದೆ ಎಂಬುದನ್ನು ಕಾನ್ಫಿಗರೇಶನ್ ಫೈಲ್ ಎಂಬ ಪುಟ್ಟ ಫೈಲ್ ಹೇಳುತ್ತಿತ್ತು. ಪ್ರೋಗ್ರಾಂ ಅದನ್ನು ಓದುವುದು ಶುರುವಾಗುವಾಗ ಒಮ್ಮೆ ಮಾತ್ರ. ಆಮೇಲೆ ಏನು ಬದಲಿಸಿದರೂ, ಮಷೀನು ಬಂದ್ ಮಾಡಿ ಮತ್ತೆ ಹಚ್ಚುವವರೆಗೆ ಅದಕ್ಕೆ ಗೊತ್ತಾಗದು.

ದಸರೆಗೆ ವಾರ ಮುಂಚೆ ಹುಕ್ಕೇರಿಯಲ್ಲಿ ಹೊಸ ರಿಪೋರ್ಟ್ ಪರೀಕ್ಷಿಸಲೆಂದು ಆ ಫೈಲ್ ಬದಲಿಸಿದೆ. ಅಷ್ಟರಲ್ಲಿ ಸಂಜೆ ಹಾಲು ಬರತೊಡಗಿತು. ಮಷೀನು ಬಂದ್ ಮಾಡುವಂತಿರಲಿಲ್ಲ. ಮೂಡಲಗಿಯಿಂದ ಫೋನ್ ಬಂತು, ಎದ್ದು ಹೋದೆ. ಫೈಲ್ ಮರೆತೇಬಿಟ್ಟೆ.

ಹುಕ್ಕೇರಿಯ ಆಪರೇಟರ್ ಪದ್ಮಕ್ಕ. ಮನೆಯಲ್ಲಿ ಪಗಾರ ತರುವವರು ಅವರೊಬ್ಬರೇ. ಖಂಡೇ ಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ಸರ್ವರ್ ಮಷೀನನ್ನೂ ಬಂದ್ ಮಾಡಿ, ಒರೆಸಿ, ಕುಂಕುಮ ಹಚ್ಚಿ, ಕಾಯಿ ಒಡೆದರು. ಮರುದಿನ ಬೆಳಿಗ್ಗೆ ಹಚ್ಚಿದರೆ ಸದಸ್ಯರೆಲ್ಲ ಮಾಯ. ಬದಲಿಗೆ ರಾಮಪ್ಪ ಒಂದು, ರಾಮಪ್ಪ ಎರಡು, ರಾಮಪ್ಪ ಮೂರು: ನಾನು ಪರೀಕ್ಷೆಗೆಂದು ಹುಟ್ಟಿಸಿದವರು. ಹೊರಗೆ ಜನ ಕ್ಯಾನು ಹಿಡಿದು ನಿಂತಿದ್ದರು.

ನಾನು ಬಸ್ಸಿಳಿದು ಹೋದಾಗ ಮ್ಯಾನೇಜರು ಬಾಗಿಲಲ್ಲೇ ಇದ್ದರು.

"ಕಾಯಿ ನೀರು ಒಳಗ ಹೋಗೇತ್ರಿ. ನಾಳಿಂದ ಈಕಿ ಕೆಲಸಕ್ಕ ಬರೂದು ಬ್ಯಾಡ."

ಪದ್ಮಕ್ಕ ಮೂಲೆಯಲ್ಲಿ ಅಳುತ್ತಿದ್ದರು. ಫೈಲ್ ತೆರೆದೆ. ಪರೀಕ್ಷೆಗೆಂದು ನಾನೇ ಕೈಯಾರೆ ಬರೆದ ಸಾಲು ಹಾಗೇ ಇತ್ತು. ಸರಿಪಡಿಸಿ ಮತ್ತೆ ಹಚ್ಚಿದೆ, ಸದಸ್ಯರು ಬಂದರು.

"ತಪ್ಪು ನಂದ್ರಿ," ಎಂದೆ. "ಫೈಲ್ ಬದಲಿಸಿ ಹಂಗ ಬಿಟ್ಟು ಹೋಗಿದ್ದೆ."

ಮ್ಯಾನೇಜರು ನಕ್ಕರು. "ನೀವು ಹೋಗಿ ವಾರ ಆತ್ರಿ. ನಿನ್ನಿತನಾ ಮಷೀನ್ ಚಲೋ ಇತ್ತಲ್ಲ? ದೊಡ್ಡ ಮನಸು ನಿಮ್ದು. ಆತು, ನಿಮ್ಮ ಮಾತಿಗೆ ಈಕಿನ್ನ ಇಟ್ಕೋತೀನಿ."

ವಿವರಿಸಿದಷ್ಟೂ ನಾನು ಇನ್ನಷ್ಟು ದೊಡ್ಡ ಮನುಷ್ಯನಾಗುತ್ತ ಹೋದೆ.

ಸಂಜೆ ಪದ್ಮಕ್ಕ ವಿಜಯದಶಮಿಗೆ ಬಂಗಾರವೆಂದು ಹಂಚುವ ಬನ್ನಿ ಎಲೆ ಕೊಟ್ಟರು. "ಬಂಗಾರ ತೊಗೋರಿ ಸರ್. ನನ್ನ ತಪ್ಪ ನಿಮ್ಮ ಮ್ಯಾಲ ಹಾಕ್ಕೊಂಡ್ರಿ." ಅಲ್ಲ ಎಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ.

ಫೈಲ್ ಬದಲಿಸಿದವನೇ ಮಷೀನು ಬಂದ್ ಮಾಡಿ, ಮತ್ತೆ ಹಚ್ಚಿ ನೋಡಿ ಏಳಬೇಕು. ಈ ಪಾಠವನ್ನು ಮುಂದೆ ಅನೇಕರಿಗೆ ಕಲಿಸಿದೆ. ತಪ್ಪು ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ ಎಂದು ಮಾತ್ರ ಯಾರಿಗೂ ಹೇಳಲಿಲ್ಲ. ಆಮೇಲಿನ ದಸರೆಗಳಲ್ಲೂ ಪದ್ಮಕ್ಕ ತಕ್ಕಡಿಗೆ, ಕ್ಯಾನುಗಳಿಗೆ, ಬಾಗಿಲ ಕೀಲಿಗೂ ಕುಂಕುಮ ಹಚ್ಚುತ್ತಿದ್ದರು. ಕಂಪ್ಯೂಟರಿನ ಮುಂದೆ ಬಂದಾಗ ಮಾತ್ರ ಕೈ ಸೆರಗಿಗೆ ಒರೆಸಿಕೊಂಡು, ದೂರದಿಂದಲೇ ಕೈ ಮುಗಿಯುತ್ತಿದ್ದರು.